ನಾಮ್ ಸಾಹೇಬರ ಷಷ್ಟಿಪೂರ್ತಿಗೆ ಡೋಲು ಬಾರಿಸಿದ್ದು

ಆಸ್ಟಿನ್, ಶನಿವಾರ, ಸೆಪ್ಟೆಂಬರ್ 4, 1999

ಹೊಸ ರೂಮ್‌ಮೇಟ್ ಬಂದಳು. ಸಾಮಾನು ಇಷ್ಟೇ: ಒಂದು ಸೂಟ್‌ಕೇಸು, ಮುಚ್ಚಳ ಬಿಗಿದಿದ್ದರೂ ಮೂಗಿಗೆ ಬಡಿಯುವ ಕೋಸಿನ ಉಪ್ಪಿನಕಾಯಿಯ ಭರಣಿ, ಮತ್ತು ಒಂದು ಡೋಲು. ಡೋಲು ಕಂಡ ಕೂಡಲೇ ಬಾಗಿಲು ಹಾಕಿಕೊಳ್ಳಬೇಕಿತ್ತು. ಆದರೆ ಹಳೆಯ ರೂಮ್‌ಮೇಟ್ ಮದುವೆಯಾಗಿ ಕ್ಲಿಯರ್ ಲೇಕ್‌ಗೆ ಶಿಫ್ಟ್ ಆಗಿದ್ದಾಳೆ, ಇಡೀ ಮನೆಯನ್ನು ಒಬ್ಬಳೇ ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ. ಅವಳ ಗಂಡ ರಾಕೆಟ್ ಎಂಜಿನಿಯರ್. ಹೋಗುವ ದಿನ ನಮ್ಮ ಎ.ಸಿ. ಸ್ವಲ್ಪ ನೋಡಿ ಎಂದರೆ ಕೈಚೆಲ್ಲಿ ನಿಂತ.

ಹೊಸಬಳ ಹೆಸರು ಸೊನ್ ಮಿರಾನ್. ಕೊರಿಯಾದವಳು. ಸಂಗೀತ ವಿಭಾಗದಲ್ಲಿ ಜಾನಪದ ಹಾಡಿನ ಮೇಲೆ ಎಂ.ಎ. ಮಾಡುತ್ತಾಳಂತೆ. ನಾನು ಸ್ಟ್ಯಾಟಿಸ್ಟಿಕ್ಸ್ ಎಂದೆ. ಅಯ್ಯೋ ಪಾಪ ಎನ್ನುವ ಹಾಗೆ ನೋಡಿದಳು.

ಅವಳ ಇಂಗ್ಲಿಷ್ ಅರ್ಧ, ನನ್ನದು ಮುಕ್ಕಾಲು. ಇಲ್ಲಿ ಬರೆಯುವಾಗ ಅವಳ ಬಾಯಿಗೆ ನಮ್ಮ ಧಾರವಾಡದ ಮಾತು ಹಾಕುತ್ತೇನೆ, ಅವಳಿಗೆ ಅದೇ ಒಪ್ಪುತ್ತದೆ. ನನ್ನ ದಿನಚರಿ, ನನ್ನಿಷ್ಟ. ಓದುವವರು ಯಾರೂ ಇಲ್ಲ.

ಈ ವರ್ಷ ನಾನು ಮಾಡಬೇಕಾದ್ದು ಒಂದೇ. ಡಿಗ್ರಿ ಮುಗಿಸಿ, ನೌಕರಿ ಹಿಡಿದು, ನನ್ನ ಹೆಸರಿನ ಮೇಲೆ ಒಂದು ಗೀರೂ ಬೀಳದ ಹಾಗೆ ಇರುವುದು. ಯಾರ ತಂಟೆಯೂ ಬೇಡ.

ಭಾನುವಾರ, ಸೆಪ್ಟೆಂಬರ್ 12

ತಂಟೆ ತಾನಾಗಿಯೇ ಬಂತು. ಬೆಳಿಗ್ಗೆ ಅಪಾರ್ಟ್‌ಮೆಂಟಿನ ಮ್ಯಾನೇಜರಮ್ಮ ಬಾಗಿಲು ಬಡಿದು, ಲಾಂಡ್ರಿ ರೂಮಿನಲ್ಲಿ ನಿನ್ನ ಗೆಳತಿಗೆ ಏನೋ ಆಗಿದೆ, ಆಂಬುಲೆನ್ಸ್ ಕರೆಯಲೇ ಎಂದು ಕೇಳಿದಳು. ಓಡಿಹೋಗಿ ನೋಡಿದರೆ ಮಿರಾನ್ ವಾಷಿಂಗ್ ಮಷೀನುಗಳ ಎದುರು ಕಾಲಗಲಿಸಿ ನಿಂತು ಹಾಡುತ್ತಿದ್ದಾಳೆ. ಎಲ್ಲ ಮಷೀನುಗಳನ್ನೂ ಒಟ್ಟಿಗೆ ಓಡಿಸಿದ್ದಾಳೆ. ಒಳಗೆ ಬಟ್ಟೆಯೇ ಇಲ್ಲ.

“ನಮ್ಮ ಕಡೆ ಜಲಪಾತದ ಮುಂದ ನಿಂತು ಹಾಡಿ ಕಲೀತಾರ. ನೀರಿನ ಸಪ್ಪಳಾ ದಾಟಿ ದನಿ ಹೋಗಬೇಕು. ಇಲ್ಲೆ ಜಲಪಾತ ಎಲ್ಲದ?” ಎಂದಳು.

ಟೆಕ್ಸಾಸಿನಲ್ಲಿ ಜಲಪಾತ ಹುಡುಕಿಕೊಡುವುದು ಬಾಡಿಗೆ ಕರಾರಿನಲ್ಲಿ ಇಲ್ಲ ಎಂದೆ. ಮ್ಯಾನೇಜರಮ್ಮನಿಗೆ ಇದು ಅವರ ದೇಶದ ಪ್ರಾರ್ಥನೆ ಎಂದು ಹೇಳಿ ಕಳಿಸಿದೆ. ಈ ರಾಜ್ಯದಲ್ಲಿ ಪ್ರಾರ್ಥನೆ ಎಂದ ಮೇಲೆ ಯಾರೂ ಮುಂದೆ ಕೇಳುವುದಿಲ್ಲ.

ಹಾಡು ಹೇಗಿತ್ತು ಎಂದರೆ, ಸಂತೆಯಲ್ಲಿ ಜಗಳವಾಡಿ ಬಂದ ಹೆಂಗಸು ಅದೇ ಗಂಟಲಿನಲ್ಲಿ ಮಗುವನ್ನು ಮಲಗಿಸಿದ ಹಾಗಿತ್ತು. ನನಗೆ ಹಿಡಿಸಲಿಲ್ಲ. ಮಧ್ಯಾಹ್ನವಿಡೀ ಕಿವಿಯಲ್ಲೇ ಇತ್ತು, ಅದು ಬೇರೆ ಮಾತು.

ಭಾನುವಾರ, ಅಕ್ಟೋಬರ್ 3

ಇವತ್ತು ನನ್ನ ಬಟ್ಟೆ ಒಗೆಯಲೇಬೇಕಿತ್ತು, ಆದ್ದರಿಂದ ಅವಳ ಹಾಡು ಕೇಳಲೇಬೇಕಾಯಿತು. ಬಟ್ಟೆ ಮಡಚುತ್ತಾ ಕುಳಿತಿದ್ದೆ. ಅವಳು ಒಂದು ಸಾಲು ಹಾಡಿ ಉಸಿರು ತೆಗೆದುಕೊಂಡಳು. ಆ ಸಂದಿಯಲ್ಲಿ ನನಗೆ ಅರಿವಿಲ್ಲದೆ “ಹೂಂ” ಎಂದೆ.

ಮಿರಾನ್ ಹಾಡು ನಿಲ್ಲಿಸಿ ನನ್ನನ್ನು ಅಪ್ಪಿಕೊಂಡಳು. ಬೆವರು, ಕೋಸು, ಸಾಬೂನು ಎಲ್ಲ ಒಟ್ಟಿಗೆ.

ವಿಷಯ ಏನೆಂದರೆ, ಅವಳು ಹಾಡುವ ಪನ್ಸೋರಿ ಎಂಬ ಕಥೆ-ಹಾಡಿಗೆ ಇಬ್ಬರೇ ಸಾಕು. ಒಬ್ಬರು ನಿಂತು ಹಾಡಬೇಕು, ಒಬ್ಬರು ಕುಳಿತು ಡೋಲು ಬಾರಿಸಬೇಕು. ಸಾಲಿನ ಸಂದಿಯಲ್ಲಿ ಡೋಲಿನವರೂ ಕೇಳುವವರೂ ದನಿಗೂಡಿಸಬೇಕು. “ಒಲ್ಸು” ಎಂದರೆ ಹೂಂ, ನಡೆಯಲಿ. “ಚೋತಾ” ಎಂದರೆ ಭಲೆ, ಚೆನ್ನಾಯಿತು. ಅದಿಲ್ಲದಿದ್ದರೆ ಹಾಡುವವರ ಗಂಟಲು ಕಟ್ಟುತ್ತದಂತೆ. ಅಮೆರಿಕಕ್ಕೆ ಬಂದ ಮೇಲೆ ಯಾರೂ ಹೂಂ ಅಂದಿರಲಿಲ್ಲ ಎಂದಳು.

ನನಗೆ ಇದು ವಿದ್ಯೆಯಲ್ಲ, ಕಾಯಿಲೆ. ನಮ್ಮಜ್ಜಿ ಸೀತಾಬಾಯಿ ಕಥೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ರಾಜಕುಮಾರನನ್ನು ಹಾವಿನ ಬಾಯಲ್ಲೇ ಬಿಟ್ಟು ಮಗ್ಗುಲು ಬದಲಿಸುತ್ತಿದ್ದಳು. ಅಂದಿನಿಂದ ಯಾರು ಏನು ಹೇಳಿದರೂ ಹೂಂಗುಟ್ಟುತ್ತೇನೆ. ಪ್ರೊಫೆಸರಿಗೂ ಹೂಂ, ಕ್ರೆಡಿಟ್ ಕಾರ್ಡ್ ಮಾರುವವನಿಗೂ ಹೂಂ.

ಅಡುಗೆ ಮಾಡುತ್ತಾ ಅವಳ ಪುರಾಣ ಹೊರಗೆ ಬಂತು. ಹುಟ್ಟಿದ್ದು ದಕ್ಷಿಣದ ಒಂದು ದ್ವೀಪದಲ್ಲಿ. ಅಜ್ಜಿ ಕಡಲ ಪಾಚಿ ಒಣಗಿಸುತ್ತಾ ಹಾಡುತ್ತಿದ್ದಳು, ಇವಳು ಅವಳ ಸೆರಗು ಹಿಡಿದು ಕಲಿತಳು. ಅಪ್ಪ ಶಾಲೆಯ ಹೆಡ್‌ಮಾಸ್ಟರ್. ಹಾಡುವವಳು ಎಂದರೆ ಅವರಿಗೆ ಅವಮಾನ, ಹಾಡಿನ ಪ್ರೊಫೆಸರ್ ಎಂದರೆ ಹೆಮ್ಮೆ. ಇವಳು ಕಾಲೇಜಿಗೆ ಹೋದವಳು ಕ್ಲಾಸು ಬಿಟ್ಟು ಮುಷ್ಕರ ಹೂಡಿದ ಹಡಗು ಕಾರ್ಖಾನೆಯ ಗೇಟಿನಲ್ಲಿ ಹಾಡಿ ಅಶ್ರುವಾಯು ಕುಡಿದು ಬಂದಳು. ಎರಡನೆಯ ಸಲ ಪೊಲೀಸ್ ಠಾಣೆಯಿಂದ ಬಿಡಿಸಿಕೊಂಡು ಬಂದ ಅಪ್ಪ, ಮುಷ್ಕರವೇ ಇಲ್ಲದ ಜಾಗ ಯಾವುದೆಂದು ವಿಚಾರಿಸಿ ಟೆಕ್ಸಾಸಿಗೆ ಕಳಿಸಿದರು.

ಕೇಳುತ್ತಾ ನಾನು ಹೂಂ ಎನ್ನುತ್ತಲೇ ಇದ್ದೆ. ಅನ್ನ ತಳ ಹಿಡಿಯಿತು.

ಶನಿವಾರ, ಅಕ್ಟೋಬರ್ 23

ಡಲ್ಲಾಸಿಗೆ ಹೋಗಿ ಬಂದೆವು. ನನ್ನ ಕಾರಣ ಜೋಳದ ಹಿಟ್ಟು. ಆಸ್ಟಿನ್‌ನಲ್ಲಿ ಸಿಗುವುದು ಹಿಟ್ಟಲ್ಲ, ಬೂದಿ. ಅವಳ ಕಾರಣ ನಾಮ್ ಸಾಹೇಬರು.

ಇವರು ಅಲ್ಲಿಯ ಕೊರಿಯನ್ ಸಮಾಜದ ಅಧ್ಯಕ್ಷರು, ಚರ್ಚಿನ ಹಿರಿಯರು, ಮಿರಾನಳ ಅಪ್ಪನ ಬಾಲ್ಯಸ್ನೇಹಿತರು, ಅವಳಿಗೆ ಸ್ಕಾಲರ್‌ಶಿಪ್ ಕೊಟ್ಟಿರುವ ಕಮಿಟಿಯ ಮುಖ್ಯಸ್ಥರು. ಉಳಿದ ಸಮಯದಲ್ಲಿ ಹೋಟೆಲುಗಳ ಚಾದರ, ಟವೆಲು ಒಗೆಯುವ ದೊಡ್ಡ ಲಾಂಡ್ರಿಯ ಮಾಲೀಕರು. ಹೆಸರೇ ನಾಮ್. ಯಾರಿಗೆ ಹಾಕುತ್ತಾರೋ ಎಂದು ಕನ್ನಡದಲ್ಲಿ ಅಂದುಕೊಂಡು ಒಬ್ಬಳೇ ನಕ್ಕೆ. ಮನುಷ್ಯ ಬಹಳ ಮರ್ಯಾದಸ್ಥರು, ಆದ್ದರಿಂದ ಅವರಿಗೆ ಮೈಸೂರಿನ ಮಾತು ಕೊಡುತ್ತೇನೆ.

“ನಿಮ್ಮ ಗೆಳತಿ ಹಾಡಿಕೊಳ್ಳೋಕೆ ಜಾಗ ಬೇಕು ಅಂದಳು. ನಮ್ಮ ಫ್ಯಾಕ್ಟ್ರಿ ಇದೆಯಲ್ಲ, ಎಷ್ಟು ಬೇಕಾದ್ರೂ ಕಿರುಚಲಿ” ಎಂದರು.

ಲಾಂಡ್ರಿಯ ಒಳಗೆ ಕಾಲಿಟ್ಟ ಕೂಡಲೇ ಮಿರಾನಳ ಮುಖ ಅರಳಿತು. ಮನೆಯಷ್ಟು ದೊಡ್ಡ ಮಷೀನುಗಳು. ಕಿವಿ ಕಿತ್ತುಹೋಗುವ ಸದ್ದು, ಉಗಿ, ಬಿಸಿ. ಕೊನೆಗೂ ಅವಳಿಗೆ ಜಲಪಾತ ಸಿಕ್ಕಿತು. ಚಾದರ ಮಡಚುವ ಹೆಂಗಸರಲ್ಲಿ ಅರ್ಧ ಕೊರಿಯಾದವರು, ಅರ್ಧ ಮೆಕ್ಸಿಕೋದವರು. ಇವಳು ಹಾಡತೊಡಗಿದಾಗ ಸುನ್‌ಜಾ ಎಂಬ ಹಿರಿಯಾಕೆ ಕೈ ನಿಲ್ಲಿಸದೆ “ಒಲ್ಸು” ಎಂದು ಕೂಗಿದಳು. ಪಕ್ಕದ ಮೆಕ್ಸಿಕೋದ ಲೂಪೆ ಅವಳನ್ನು ನೋಡಿ ತಾನೂ ಕೂಗಿದಳು. ಅಷ್ಟರಲ್ಲಿ ಸೂಪರ್‌ವೈಸರ್ ಬಂದ, ಎಲ್ಲರೂ ಒಳ್ಳೆಯ ಮಕ್ಕಳಾದರು.

ನನಗೆ ಬಿಸಿ ತಡೆಯಲಾಗಲಿಲ್ಲ, ಹಿಂದಿನ ಬಾಗಿಲಿಂದ ಹೊರಗೆ ಹೋಗೋಣವೆಂದು ನೋಡಿದೆ. ಬಾಗಿಲಿನ ಮೇಲೆ ಕೆಂಪು ದೀಪದ ‘ಎಕ್ಸಿಟ್’ ಬೋರ್ಡು, ಕೆಳಗೆ ಎಮ್ಮೆ ಕಟ್ಟುವಂಥ ಸರಪಳಿ, ಬೀಗ. ಯಾಕೆ ಎಂದರೆ ಟವೆಲು ಕದಿಯುತ್ತಾರೆ ಎಂದ ಸೂಪರ್‌ವೈಸರ್. ಬೀಗದ ಕೈ ಅವನ ಸೊಂಟದಲ್ಲಿದೆ. ಹೂಂ ಎಂದು ಮುಂದಿನ ಬಾಗಿಲಿಂದ ಹೋದೆ. ಅವರ ಟವೆಲು, ಅವರ ಬಾಗಿಲು.

ಜೋಳದ ಹಿಟ್ಟು ಚೆನ್ನಾಗಿದೆ.

ಭಾನುವಾರ, ನವೆಂಬರ್ 14

ಶುಕ್ರವಾರ ದ ವುಡ್‌ಲ್ಯಾಂಡ್ಸ್‌ನ ಎನರ್ಜಿ ಕಂಪನಿಯೊಂದರಲ್ಲಿ ಇಂಟರ್‌ವ್ಯೂ ಇತ್ತು. ಉಳಿದುಕೊಂಡದ್ದು ಮಿಸೌರಿ ಸಿಟಿಯಲ್ಲಿ, ಅಮ್ಮನ ಗೆಳತಿ ಸುಶೀಲಮ್ಮ ಆಂಟಿಯ ಮನೆಯಲ್ಲಿ. ಹ್ಯೂಸ್ಟನ್ ನೋಡಿಲ್ಲ ಎಂದು ಮಿರಾನ್ ಜೊತೆಗೆ ಬಂದಳು. ಹ್ಯೂಸ್ಟನ್ ನೋಡಲು ಏನಿದೆ ಎಂದು ಹ್ಯೂಸ್ಟನ್‌ನವರಿಗೂ ಗೊತ್ತಿಲ್ಲ.

ಆಂಟಿ ಅವಳ ಹೆಸರನ್ನು ಒಂದೇ ಕ್ಷಣದಲ್ಲಿ ಸ್ವದೇಶಿ ಮಾಡಿದರು. “ಮೀರಾ ಅಂತೆ ಕಣ್ರೀ. ಹಾಡ್ತಾಳಂತೆ. ಹೆಸರಿಗೆ ತಕ್ಕ ಹಾಗೆ ಭಜನೆ ಒಂದು ಆಗಲಿ” ಎಂದು ಶನಿವಾರ ಊಟಕ್ಕೆ ಬಂದವರ ಮುಂದೆ ನಿಲ್ಲಿಸಿದರು. ಮೀರಾ ಮೊದಲ ಸಾಲು ಎತ್ತಿದ ಕೂಡಲೇ ಒಬ್ಬರ ಕೈಯಿಂದ ಮೊಸರನ್ನದ ತಟ್ಟೆ ಬಿತ್ತು. ಆಂಟಿಯ ಮಗಳು ಸಿಯಾ ಮಾತ್ರ “ಶೀ ಈಸ್ ಸೋ ಲೌಡ್, ಐ ಲವ್ ಇಟ್” ಎಂದಳು. ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು: “ಪಾಪ, ಆ ಹುಡುಗಿಗೆ ಏನು ಕಷ್ಟ?”

ಇವತ್ತು ವಾಪಸು ಬರುವಾಗ ಆದ ಅನಾಹುತ ಬರೆಯಬೇಕು. ಡ್ರೈವ್ ಮಾಡುತ್ತಾ ಇಂಟರ್‌ವ್ಯೂನಲ್ಲಿ ಹೇಳಿದ ತಪ್ಪು ಉತ್ತರಗಳನ್ನೇ ಯೋಚಿಸುತ್ತಿದ್ದೆ. ಮಿರಾನ್ ಏನೋ ಉದ್ದಕ್ಕೆ ಹೇಳುತ್ತಿದ್ದಳು. ನಾನು ಹೂಂ, ಹೂಂ ಎಂದುಕೊಂಡು ಬಂದೆ. ಬ್ಯಾಸ್ಟ್ರಾಪ್ ಹತ್ತಿರ ಅವಳು ನನ್ನ ಭುಜ ಹಿಡಿದು ಥ್ಯಾಂಕ್ಯೂ ಎಂದಳು. ಯಾಕೆ ಎಂದೆ.

“ನಾಮ್ ಸಾಹೇಬರಿಗೆ ಅರವತ್ತು ತುಂಬತಾವ. ಫೆಬ್ರುವರಿ ಒಳಗ ದೊಡ್ಡ ಹಬ್ಬ. ನಾ ಹಾಡಬೇಕು, ನೀ ಡೋಲು ಬಾರಿಸಬೇಕು ಅಂದೆ. ನೀ ಹೂಂ ಅಂದಿ.”

“ಅದು ಕೇಳಿಸ್ಕೊಳ್ಳಾಕತ್ತೀನಿ ಅನ್ನೋ ಹೂಂ.”

“ಹೂಂಗೂ ಹೂಂಗೂ ಫರಕು ಇರ್ತದೇನು?” ಎಂದು ಕೇಳಿದಳು. ನಾನು ಹುಟ್ಟಿದಾಗಿನಿಂದ ಆ ಫರಕಿನಲ್ಲೇ ಬದುಕಿದ್ದೇನೆ. ಇಂಗ್ಲಿಷಿನಲ್ಲಿ ವಿವರಿಸಲಾಗಲಿಲ್ಲ.

ಶುಕ್ರವಾರ, ಡಿಸೆಂಬರ್ 3

ನೌಕರಿ ಸಿಕ್ಕಿತು. ಜೂನ್‌ನಲ್ಲಿ ಸೇರಬೇಕು, ಅಷ್ಟರೊಳಗೆ ನನ್ನ ಪೂರ್ವಾಪರ ವಿಚಾರಿಸುತ್ತಾರಂತೆ. ವಿಚಾರಿಸಲಿ. ನನ್ನ ಪೂರ್ವವೂ ಇಲ್ಲ, ಅಪರವೂ ಇಲ್ಲ. ಅಳು ಬಂತು, ಯಾಕೋ.

ಡೋಲು ಕಲಿಯುತ್ತಿದ್ದೇನೆ. ಎಡಗೈಗೆ ಬುದ್ಧಿಯಿಲ್ಲ.

ಶನಿವಾರ, ಜನವರಿ 8, 2000

ಹೊಸ ಸಹಸ್ರಮಾನ ಬಂತು. ಕಂಪ್ಯೂಟರು ಕೆಡಲಿಲ್ಲ, ವಿಮಾನ ಬೀಳಲಿಲ್ಲ. ಡಲ್ಲಾಸಿನ ಲಾಂಡ್ರಿಯಲ್ಲಿ ಲೂಪೆ ಬಿದ್ದಳು.

ಶನಿವಾರ ಶನಿವಾರ ಹೋಗುವುದು ಅಭ್ಯಾಸವಾಗಿದೆ. ಜೋಳದ ಹಿಟ್ಟು ಎಷ್ಟು ಕೊಂಡರೂ ಸಾಲುತ್ತಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಇವತ್ತು ಹೋದಾಗ ಸುನ್‌ಜಾ ಹೇಳಿದಳು. ಬುಧವಾರ ಉಗಿಯ ಪೈಪು ಒಡೆಯಿತು. ಲೂಪೆ ಹಿಂದಿನ ಬಾಗಿಲಿನ ಹತ್ತಿರವೇ ಇದ್ದಳು. ಬೀಗ. ಸೂಪರ್‌ವೈಸರ್ ಊಟಕ್ಕೆ ಹೋಗಿದ್ದ. ಮುಂದಿನ ಬಾಗಿಲ ತನಕ ಉಗಿಯಲ್ಲಿ ತಡಕಾಡಿಕೊಂಡು ಹೋಗಿ ದಾರಿಯಲ್ಲೇ ಬಿದ್ದಳು. ಕೈ, ಕುತ್ತಿಗೆ ಸುಟ್ಟಿವೆ. ಹೆಂಗಸರು ಚರ್ಚಿನ ಹೊರಗೆ ನಾಮ್ ಸಾಹೇಬರನ್ನು ಕಂಡು ಸರಪಳಿ ತೆಗೆಸಿ ಎಂದು ಬೇಡಿಕೊಂಡರಂತೆ. ಅವರು ಲೂಪೆಗಾಗಿ ಪ್ರಾರ್ಥನೆ ಮಾಡಿಸಿದರು. ಸರಪಳಿ ಹಾಗೇ ಇದೆ. ಹೊರಗಿನವರಿಗೆ ದೂರು ಕೊಡಲು ಹೆಂಗಸರಿಗೆ ಧೈರ್ಯವಿಲ್ಲ. ಅವರಲ್ಲಿ ಅರ್ಧದಷ್ಟು ಜನರಿಗೆ ಕಾಗದಪತ್ರವಿಲ್ಲ.

ವಾಪಸು ಬರುವಾಗ ಮಿರಾನ್ ಒಂದು ಮಾತೂ ಆಡಲಿಲ್ಲ. ಹೂಂಗುಟ್ಟಲು ಏನೂ ಸಿಗದೆ ನನಗೆ ಹಿಂಸೆಯಾಯಿತು. ಕೊನೆಗೆ ನಾನೇ ಕೇಳಿದೆ. ಆ ಹಬ್ಬದಲ್ಲಿ ಹಾಡುವುದಿಲ್ಲ ಎಂದು ಹೇಳಿಬಿಡುತ್ತೀಯಾ?

“ಹಾಡ್ತೀನಿ” ಎಂದಳು.

ಒಳ್ಳೆಯದಾಯಿತು, ಬುದ್ಧಿ ಇದೆ ಎಂದುಕೊಂಡೆ. ಸ್ಕಾಲರ್‌ಶಿಪ್ ಹೋದರೆ ಸೀಟು ಹೋಯಿತು, ಸೀಟು ಹೋದರೆ ವೀಸಾ ಹೋಯಿತು. ಅಷ್ಟು ಲೆಕ್ಕ ಹಾಡುವವರಿಗೂ ಬರುತ್ತದೆ.

ಭಾನುವಾರ, ಫೆಬ್ರುವರಿ 20

ನಿನ್ನೆಯದನ್ನು ಸರಿಯಾಗಿ ಬರೆಯಬೇಕು.

ಡಲ್ಲಾಸಿನ ದೊಡ್ಡ ಹೋಟೆಲಿನ ಹಾಲ್. ಅರವತ್ತು ತುಂಬುವುದನ್ನು ಹಬ್ಬ ಮಾಡುವುದು ನಾವು ಮಾತ್ರ ಎಂದುಕೊಂಡಿದ್ದೆ. ಇವರು ನಮ್ಮನ್ನು ಮೀರಿಸಿದ್ದಾರೆ. ಹಣ್ಣು, ಖರ್ಜೂರ, ಅಕ್ಕಿಯ ಸಿಹಿ, ಎಲ್ಲವನ್ನೂ ಗೋಪುರ ಕಟ್ಟಿದ ಮೇಜಿನ ಹಿಂದೆ ರೇಷ್ಮೆಯುಟ್ಟ ನಾಮ್ ದಂಪತಿ. ಮಕ್ಕಳು, ಅಳಿಯಂದಿರು ಒಬ್ಬೊಬ್ಬರಾಗಿ ಬಂದು ಅಡ್ಡಬಿದ್ದರು. ಪುರೋಹಿತರೊಬ್ಬರು ಇಲ್ಲ ಅಷ್ಟೇ. ಬಡಿಸಲು ಲಾಂಡ್ರಿಯ ಹೆಂಗಸರನ್ನೇ ಏಪ್ರನ್ ಕಟ್ಟಿ ನಿಲ್ಲಿಸಿದ್ದರು. ಲೂಪೆ ಇದ್ದಳು, ಕೈಗೆ ಪಟ್ಟಿ, ಅದರ ಮೇಲೆ ಬಿಳಿ ಗ್ಲೌಸು.

ನನಗೂ ಅವರ ಉಡುಪು ತೊಡಿಸಿದ್ದರು. ಡೋಲಿನ ಮುಂದೆ ಕುಳಿತೆ. ಮಿರಾನ್ ಬೀಸಣಿಗೆ ಹಿಡಿದು ನಿಂತು ದೀರ್ಘಾಯುಷ್ಯದ ಹಾಡು ಹಾಡಿದಳು. ಎಲ್ಲರೂ ಸಾಲುಸಾಲಿಗೆ ಚೋತಾ, ಚೋತಾ ಎಂದರು. ಆಮೇಲೆ ಅವಳು ಬೀಸಣಿಗೆ ಮುಚ್ಚಿ ಎರಡನೆಯದನ್ನು ಎತ್ತಿದಳು. ಕೊನೆಯ ಭಾಗ ಹೊಸದು, ತಾಳ ನಿಧಾನ ಇಡು ಎಂದು ಮೊದಲೇ ಹೇಳಿದ್ದಳು. ಕೊರಿಯನ್ ನನಗೆ ಬರುವುದಿಲ್ಲವಲ್ಲ, ಡೋಲಿನ ಮೇಲೆ ಗಮನವಿಟ್ಟು ಬಾರಿಸಿದೆ.

ಸ್ವಲ್ಪ ಹೊತ್ತಿಗೆ ಇಡೀ ಹಾಲ್ ಮೌನವಾಯಿತು. ಚಮಚದ ಸದ್ದೂ ಇಲ್ಲ. ನಾಮ್ ಸಾಹೇಬರು ನಗುತ್ತಲೇ ಇದ್ದರು, ಆದರೆ ಫೋಟೋಗೆ ನಿಂತವರ ಹಾಗೆ. ಜನ ಭಾವಪರವಶರಾಗಿದ್ದಾರೆ ಎಂದುಕೊಂಡೆ. ಮಿರಾನ್ ಒಂದು ಸಾಲು ಮುಗಿಸಿ ನಿಂತಳು. ಯಾರೂ ದನಿಗೂಡಿಸಲಿಲ್ಲ. ಅವಳ ಗಂಟಲಿನ ನರ ಬಿಗಿದಿದ್ದು ನನಗೆ ಕಂಡಿತು. ಪಾಪ, ಇಷ್ಟು ಚೆನ್ನಾಗಿ ಹಾಡಿದವಳಿಗೆ ಒಬ್ಬರೂ ಭಲೆ ಅನ್ನಬಾರದೇ ಎಂದು ಸಿಟ್ಟು ಬಂತು. ಉಸಿರು ತುಂಬಿಕೊಂಡು, ಹಾಲ್‌ನ ಕೊನೆಗೆ ಮುಟ್ಟುವ ಹಾಗೆ, “ಚೋತಾ” ಎಂದು ಕೂಗಿದೆ.

ಇನ್ನೂರು ಜನ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು.

ಆಮೇಲೆ ಅಡುಗೆಮನೆಯ ಬಾಗಿಲಿಂದ ಇನ್ನೊಂದು ಚೋತಾ ಬಂತು. ಸುನ್‌ಜಾ. ಅವಳ ಹಿಂದೆ ಲೂಪೆ. ಆಮೇಲೆ ತಟ್ಟೆ ಹಿಡಿದು ನಿಂತ ಎಲ್ಲ ಹೆಂಗಸರೂ. ಮಿರಾನಳ ದನಿ ಕಟ್ಟೊಡೆದ ಹಾಗೆ ಬಂತು, ನಾನು ಬುದ್ಧಿಯಿಲ್ಲದ ಎಡಗೈಯನ್ನೂ ಸೇರಿಸಿ ಬಾರಿಸಿದೆ. ಜೀವನದಲ್ಲಿ ಅಷ್ಟು ಸಂತೋಷ ನನಗೆ ಆಗಿಲ್ಲ.

ಸಾಲಿನ ಅರ್ಥ ಕಾರಿನಲ್ಲಿ ಗೊತ್ತಾಯಿತು. “ಈ ಮೇಜಿನ ಚಾದರ ಎಷ್ಟು ಬೆಳ್ಳಗದ. ಇದನ್ನ ಒಗದ ಮನಿಗೆ ಹಿತ್ತಲ ಬಾಗಿಲಾ ಇಲ್ಲ, ಸರಪಳಿ ಅದ. ಯಜಮಾನ ನೂರು ವರ್ಷ ಬಾಳಲಿ, ಒಳಗಿನವರು ಇವತ್ತೊಂದು ದಿವಸ ಬದುಕಲಿ.”

ಇದಕ್ಕೆ ನಾನು, ಮೃಣಾಲಿನಿ, ಯಾರ ತಂಟೆಗೂ ಹೋಗದವಳು, ಭಲೆ ಎಂದು ಕೂಗಿದ್ದೇನೆ.

ಬುಧವಾರ, ಫೆಬ್ರುವರಿ 23

ಸ್ಕಾಲರ್‌ಶಿಪ್ ಕಮಿಟಿ ಮಾರ್ಚ್ ನಾಲ್ಕಕ್ಕೆ ಸೇರುತ್ತದೆ. ಇಬ್ಬರೂ ಬರಬೇಕಂತೆ. ಮಿರಾನಳ ಅಪ್ಪ ಫೋನ್ ಮಾಡಿದರು. ನನಗೆ ಅರ್ಥವಾಗದ ಭಾಷೆಯಲ್ಲಿ ಅಪ್ಪಂದಿರು ಹೇಗೆ ಬೈಯುತ್ತಾರೆ ಎಂದು ಸಂಪೂರ್ಣ ಅರ್ಥವಾಯಿತು. ಅವಳು ಫೋನ್ ಇಟ್ಟು ಭರಣಿಯಿಂದ ಕೋಸು ತೆಗೆದು ತಿನ್ನುತ್ತಾ ಕುಳಿತಳು. ನಾನೂ ತಿಂದೆ. ಕೆಟ್ಟದ್ದೇನಲ್ಲ.

ಸುಶೀಲಮ್ಮ ಆಂಟಿಗೆ ಹೇಗೋ ಸುದ್ದಿ ಮುಟ್ಟಿದೆ. “ನೋಡಮ್ಮ, ನಿಂಗೆ ಅವರ ಭಾಷೆನೇ ಬರಲ್ಲ. ಗೊತ್ತಿರಲಿಲ್ಲ ಅಂತ ಹೇಳಿ ಎದ್ದು ಬಂದ್ಬಿಡು. ಸುಳ್ಳೇನೂ ಅಲ್ವಲ್ಲ” ಎಂದರು. ನಾಮ್ ಸಾಹೇಬರೂ ಫೋನ್ ಮಾಡಿ ಇದನ್ನೇ, ಇನ್ನೂ ಮರ್ಯಾದೆಯಿಂದ, ಹೇಳಿದರು. ಮಿರಾನ್ ಕೂಡ ಅದನ್ನೇ ಹೇಳಿದಳು. “ನಿನ್ನ ನೌಕರಿ ಅದ. ನನಗ ಗೊತ್ತಿರಲಿಲ್ಲ ಅಂತ ಹೇಳು.”

ಮೂವರೂ ಒಂದೇ ಮಾತು ಹೇಳುತ್ತಿರುವಾಗ ನನಗೇನು ಕಷ್ಟ. ಹಾಗೇ ಹೇಳುತ್ತೇನೆ.

ಭಾನುವಾರ, ಮಾರ್ಚ್ 5

ನಿನ್ನೆ ಕಮಿಟಿ ಸೇರಿತು. ಡಲ್ಲಾಸಿನ ರಾಯಲ್ ಲೇನಿನ ಟ್ರಾವೆಲ್ ಏಜೆನ್ಸಿಯ ಹಿಂದೆ ಸಮಾಜದ ಆಫೀಸು. ನಾಮ್ ಸಾಹೇಬರು, ಒಬ್ಬ ಪಾದ್ರಿ, ಒಬ್ಬ ಹಲ್ಲಿನ ಡಾಕ್ಟರಮ್ಮ. ದೂರು ಕೊಟ್ಟವರೂ ನಾಮ್, ತೀರ್ಪು ಹೇಳುವವರೂ ನಾಮ್, ಕಾಫಿ ತರಿಸಿದವರೂ ನಾಮ್.

ಅಪ್ಪ ಫೋನಿನಲ್ಲಿ ಹೇಳಿದ್ದ ಹಾಗೆ ಮಿರಾನ್ ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದಳು. ನನಗೆ ನೋಡಲಾಗಲಿಲ್ಲ. ಎದ್ದು ನಿಂತು, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದಳು.

“ಹಿರಿಯರ ಹಬ್ಬಾ ಕೆಡಿಸಿದೆ, ತಪ್ಪಾತು. ಹಾಡಿದ್ದಕ್ಕ ತಪ್ಪಾತು ಅನ್ನೂದಿಲ್ಲ.”

ಪಾದ್ರಿ ಕಣ್ಣು ಮುಚ್ಚಿಕೊಂಡರು. ನಾಮ್ ನನ್ನ ಕಡೆ ತಿರುಗಿದರು, ತುಂಬ ಕರುಣೆಯಿಂದ. “ನೀವು ಹೊರಗಿನವರು. ನಿಮಗೆ ಕೊರಿಯನ್ ಬರಲ್ಲ. ಅರ್ಥ ಆಗದೆ ಕೂಗಿದ್ರಿ. ಅಷ್ಟು ಹೇಳಿಬಿಡಿ, ನಿಮ್ಮನ್ನ ಇದರಲ್ಲಿ ಎಳೆಯೋದು ಬೇಡ. ಅಲ್ಲಿ ಸರಪಳಿ ಗಿರಪಳಿ ಏನಿಲ್ಲ, ಮಕ್ಕಳ ಕಲ್ಪನೆ.”

ದಾರಿಯಲ್ಲಿ ವೇಕೋ ಊರಿಂದ ಅಲ್ಲಿಯ ತನಕ ಆ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನಾಲಿಗೆಯ ತುದಿಯಲ್ಲೇ ಇತ್ತು. ಆ ಕೊನೆಯ ಮಾತು ಅವರು ಆಡಬಾರದಿತ್ತು. ಕಲ್ಪನೆ ಅಂತೆ.

“ಅರ್ಥ ಆಗದೆ ಕೂಗಿದ್ದು ನಿಜ” ಎಂದೆ. “ಆಮೇಲೆ ಅರ್ಥ ಆಯಿತು. ಸರಪಳಿ ನಾನು ಕಣ್ಣಾರೆ ನೋಡಿದ್ದೇನೆ. ಎಕ್ಸಿಟ್ ಬೋರ್ಡಿನ ಕೆಳಗೆ, ಹೆಬ್ಬೆರಳು ದಪ್ಪದ್ದು. ಅಕ್ಟೋಬರಿನಲ್ಲೇ ನೋಡಿದೆ. ಹೂಂ ಎಂದು ಬಂದುಬಿಟ್ಟೆ. ಅವತ್ತೇ ಬಾಯಿ ಬಿಟ್ಟಿದ್ದರೆ ಲೂಪೆಯ ಕೈ ಸುಡುತ್ತಿರಲಿಲ್ಲ.”

ಮೃಣಾಲಿನಿ ಎಂಬ ಹೆಸರನ್ನು ಅಕ್ಷರ ಬಿಡಿಸಿ ಹೇಳಿದೆ, ಬರೆದುಕೊಳ್ಳಿ ಎಂದೆ. ಯಾಕೆ ಹಾಗೆ ಮಾಡಿದೆನೋ. ದನಿ ಬಹಳ ಜೋರಾಗಿತ್ತಂತೆ, ಟ್ರಾವೆಲ್ ಏಜೆನ್ಸಿಯವನು ಬಂದು ಇಣುಕಿ ನೋಡಿ ಹೋದ. ಡಾಕ್ಟರಮ್ಮ ಕಾಫಿ ಕಪ್ಪು ಕೆಳಗಿಟ್ಟು ನಾಮ್ ಅವರನ್ನು ಕೊರಿಯನ್‌ನಲ್ಲಿ ಚಿಕ್ಕದೊಂದು ಪ್ರಶ್ನೆ ಕೇಳಿದಳು. ಅವರು ಇನ್ನೊಂದು ಸುತ್ತು ಕಾಫಿ ತರಿಸಲು ಹೊರಟರು. ಆಕೆ ಕಾರಿನ ಕೀ ತೆಗೆದುಕೊಂಡು ಎದ್ದಳು. ಈಗಲೇ ಹೋಗಿ ನೋಡೋಣ ಎಂದಳಂತೆ.

ಶನಿವಾರ, ಮಾರ್ಚ್ 18

ಡಾಕ್ಟರಮ್ಮ ಹೋಗಿ ನೋಡಿದ ಮೇಲೆ ಸರಪಳಿ ಹೋಯಿತು. ಸ್ಕಾಲರ್‌ಶಿಪ್ಪೂ ಹೋಯಿತು. ಕಮಿಟಿಯಲ್ಲಿ ಮತ ಎರಡಕ್ಕೆ ಒಂದು. ಪಾದ್ರಿಗಳು ಪ್ರಾರ್ಥಿಸಿ ನಾಮ್ ಕಡೆಗೆ ಬಿದ್ದರು. ಈ ಸೆಮಿಸ್ಟರ್ ಮುಗಿಸಬಹುದು, ಆಮೇಲೆ ಮಿರಾನ್ ಊರಿಗೆ.

ನಾನು ಹೇಳಿದ್ದರಿಂದ ಅವಳ ಸೀಟು ಉಳಿಯಲಿಲ್ಲ. ಬೇಜಾರಾಗಿದೆ ಎಂದು ಬರೆದರೆ ಕಡಿಮೆಯಾಯಿತು. ಅವಳು ಮಾತ್ರ ಸುನ್‌ಜಾ ಕೊಟ್ಟ ಸುದ್ದಿ ಹೇಳಿಕೊಂಡು ನಗುತ್ತಿದ್ದಾಳೆ. ಹೆಂಗಸರು ಈಗ ಹಿಂದಿನ ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ಕುಳಿತು ಊಟ ಮಾಡುತ್ತಾರಂತೆ.

ಕಂಪನಿಯವರು ನನ್ನ ಪೂರ್ವಾಪರ ವಿಚಾರಿಸಿ ಮುಗಿಸಿದರು. ಹಳೆಯ ವಿಳಾಸ ಸರಿಯಾಗಿದೆಯೇ ಎಂದು ಮಾತ್ರ ಕೇಳಿದರು. ಡಲ್ಲಾಸು, ಡೋಲು, ಚೋತಾ, ಯಾವುದೂ ಅವರಿಗೆ ಬೇಕಾಗಿಲ್ಲ. ಇಷ್ಟು ದಿನ ಹೆದರಿದ್ದೆಲ್ಲ ದಂಡ.

ಭಾನುವಾರ, ಮೇ 21

ನಿನ್ನೆ ಮಿರಾನಳನ್ನು ಡಲ್ಲಾಸ್ ಏರ್‌ಪೋರ್ಟಿನಲ್ಲಿ ಬಿಟ್ಟು ಬಂದೆ. ಅಪ್ಪ ಮಾತು ಬಿಟ್ಟಿದ್ದಾರೆ, ಮನೆಗೆ ಹೋಗುವುದಿಲ್ಲವಂತೆ. ಹಡಗು ಕಾರ್ಖಾನೆಯ ಗೇಟಿನ ಮುಂದೆ ಮತ್ತೆ ಜನ ಕುಳಿತಿದ್ದಾರೆ, ನೇರ ಅಲ್ಲಿಗೆ.

“ಡೋಲು ಬಾರಿಸುವವರು?” ಎಂದು ಕೇಳಿದೆ.

“ಅಲ್ಲೆ ಏನು, ಸಾವಿರ ಮಂದಿ ಇದ್ದಾರ” ಎಂದಳು.

ಹೊಟ್ಟೆಕಿಚ್ಚಾಯಿತು. ಡೋಲನ್ನು ತನ್ನ ನೆನಪಿಗೆಂದು ನನಗೆ ಬಿಟ್ಟು ಹೋಗುತ್ತಾಳೆ ಎಂದುಕೊಂಡಿದ್ದೆ, ಸಿನಿಮಾದಲ್ಲಿ ಹಾಗೇ ಆಗುತ್ತದೆ. ಅವಳು ಅದನ್ನು ಬಬಲ್ ರ್‍ಯಾಪಿನಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಸೆಕ್ಯುರಿಟಿ ದಾಟಿ ಹೋದಳು. ತಿರುಗಿಯೂ ನೋಡಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕುಳಿತು ಅತ್ತೆ. ಕಾವಲಿನವನು ಬಂದು ವಿಮಾನ ತಪ್ಪಿತೇ ಎಂದು ಕೇಳಿದ.

ದ ವುಡ್‌ಲ್ಯಾಂಡ್ಸ್, ಬುಧವಾರ, ಜೂನ್ 14

ಹೊಸ ನೌಕರಿ, ಹೊಸ ಅಪಾರ್ಟ್‌ಮೆಂಟು. ಸುತ್ತ ಮರಗಳು. ಎಷ್ಟು ನಿಶ್ಶಬ್ದವೆಂದರೆ ಫ್ರಿಜ್ಜಿನ ಸದ್ದಿಗೆ ಎಚ್ಚರವಾಗುತ್ತದೆ. ಲಾಂಡ್ರಿ ರೂಮಿಗೆ ಹೋಗಿ ಸುಮ್ಮನೆ ಕುಳಿತಿದ್ದೆ, ಅಲ್ಲಿ ಸ್ವಲ್ಪ ವಾಸಿ.

ಸಂಜೆ ಲೂಪೆ ಫೋನ್ ಮಾಡಿದಳು. ಲಾಂಡ್ರಿಯಲ್ಲಿ ನೀರಿನ ಕೂಲರ್ ತೆಗೆದುಬಿಟ್ಟಿದ್ದಾರಂತೆ, ಈ ಬಿಸಿಲಿನಲ್ಲಿ. ನೀರು ಕುಡಿಯಲು ಆಗಾಗ ಏಳುತ್ತೀರಿ, ಕೆಲಸ ಕೆಡುತ್ತದೆ ಎಂದರಂತೆ. ಶನಿವಾರ ಎಲ್ಲರೂ ಹಿಂದಿನ ಬಾಗಿಲ ಹೊರಗೆ ಕೂರುವವರಿದ್ದಾರೆ. ಹಲ್ಲಿನ ಡಾಕ್ಟರಮ್ಮನೂ ಬರುತ್ತಾಳಂತೆ. ನೀನೂ ಬಾ ಎಂದಳು.

ನಮ್ಮಲ್ಲಿ ಈಗ ಹಾಡುವವರು ಯಾರೂ ಇಲ್ಲವಲ್ಲ ಎಂದೆ. ನನಗಂತೂ ಹಾಡಲು ಬರುವುದಿಲ್ಲ ಎಂದೆ.

“ಗೊತ್ತದ, ಕೇಳೇವಿ” ಎಂದಳು ಲೂಪೆ. “ನೀ ಹಾಡಬ್ಯಾಡ. ಬಂದು ಒದರು.”

ಶುಕ್ರವಾರ ಆಫೀಸು ಮುಗಿದ ಮೇಲೆ ಹೊರಡಬೇಕು. ಅಷ್ಟರಲ್ಲಿ ಹ್ಯೂಸ್ಟನ್‌ನಲ್ಲಿ ಡೋಲು ಎಲ್ಲಿ ಸಿಗುತ್ತದೆ ಎಂದು ಸುಶೀಲಮ್ಮ ಆಂಟಿಯನ್ನು ಕೇಳಬೇಕು.